ಯಕ್ಷಗಾನ ರಂಗವೂ ಧ್ವನಿಮಿಶ್ರಣ ಯಂತ್ರವೂ

ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಕೊಯ್ಲು ಮುಗಿದು ಗದ್ದೆಬಯಲು ಬರಿದಾಯಿತೆಂದರೆ ಬಯಲಾಟದ ಕಾಲ ಬಂದಿತೆಂದೇ ಅರ್ಥ. ಮಳೆಗಾಲದಲ್ಲಿ ಮನೆಯ ಜಗುಲಿಯ ಮೇಲೂ ದೇವಾಲಯದ ಚಂದ್ರಶಾಲೆಯಲ್ಲೂ ತಾಳಮದ್ದಳೆ; ಬೇಸಗೆಯಲ್ಲಿ ಊರೂರಿಗೆ ಆಟ; ಎರಡು ವರ್ಷಗಳಿಗೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ನಡೆದಾಗ ಕಂಪನಿ ನಾಟಕಗಳ ಡೇರೆ; ಇವುಗಳ ನಡುವೆ ಶಾಲೆಗಳ ವಾರ್ಷಿಕ ಸ್ನೇಹಸಮ್ಮೇಳನ. ವೇಷ, ಭಾಷೆ, ರೀತಿಗಳು ಒಂದೊಂದಕ್ಕೂ ಬೇರೆಯಾದರೂ ಎಲ್ಲ ಕಡೆಯಲ್ಲಿಯೂ ಸಾಮಾನ್ಯವಾಗಿ ಕಾಣಬರುವ ಒಂದು ವಸ್ತುವುಂಟು. ರಂಗದ ಒಂದು ಪಕ್ಕದಲ್ಲಿಯೋ ಸಭೆಯ ಹಿಂದುಗಡೆಯೋ ಒಂದು ಮೇಜು, ಅದರ ಮೇಲೆ ಸಾಲುಸಾಲಾಗಿ ಗುಂಡಿಗಳನ್ನು ಹೊತ್ತ ಪೆಟ್ಟಿಗೆ, ಅದರ ಮುಂದೆ ಮೌನವಾಗಿ ಕುಳಿತ ಒಬ್ಬ ವ್ಯಕ್ತಿ. ಜನರು ಆತನನ್ನು ‘ಮೈಕಿನವ’ ಎನ್ನುತ್ತಾರೆ. ಆ ಪೆಟ್ಟಿಗೆಗೆ ‘ಮಿಕ್ಸರು’ ಎಂದು ಹೆಸರು. ಕನ್ನಡದಲ್ಲಿ ಧ್ವನಿಮಿಶ್ರಣ ಯಂತ್ರವೆನ್ನಬಹುದು.

ಭಾಗವತರ ಹೆಸರು ಕರಪತ್ರದಲ್ಲಿ ಅಚ್ಚಾಗುತ್ತದೆ. ಮದ್ದಳೆಗಾರರದು, ಚಂಡೆಯವರದು, ವೇಷಧಾರಿಗಳದು ಅಚ್ಚಾಗುತ್ತದೆ. ಮೈಕಿನವನ ಹೆಸರು ಬರುವುದು ವಿರಳ. ಆದರೆ ಅಂದಿನ ಪ್ರಸಂಗದ ಸಾಹಿತ್ಯ ಪ್ರೇಕ್ಷಕನ ಕಿವಿಗೆ ಮುಟ್ಟಿತೇ, ಚಂಡೆಯ ಅಬ್ಬರದಲ್ಲಿ ಮುಳುಗಿತೇ ಎಂಬುದನ್ನು ನಿರ್ಣಯಿಸುವವರಲ್ಲಿ ಆತನೂ ಒಬ್ಬ. ಮೂರು ತಿಂಗಳು ಶ್ರಮಿಸಿ ಅಭಿಮನ್ಯುವಿನ ಅರ್ಥವನ್ನು ಕಂಠಪಾಠ ಮಾಡಿದ ಬಾಲಕನ ಮಾತು ಮೂರನೆಯ ಸಾಲಿನಲ್ಲಿ ಕುಳಿತ ತಾಯಿಗೆ ಕೇಳಿಸದಿದ್ದರೆ ಆ ಶ್ರಮದ ಫಲವೇನು? ಆದುದರಿಂದ ಈ ಯಂತ್ರದ ಸ್ವರೂಪವನ್ನೂ ಅದನ್ನು ನಡೆಸುವ ಕ್ರಮವನ್ನೂ ಅಧ್ಯಾಪಕರು ಮತ್ತು ಕಲಾಭಿಮಾನಿಗಳು ತಿಳಿದಿರುವುದು ಯುಕ್ತ. ಅದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಪ್ರಾಚೀನರ ಎಚ್ಚರ

ಮಾತು ಕೇಳಿಸಬೇಕೆಂಬ ಚಿಂತೆ ಇಂದಿನದಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ನಾಟ್ಯಮಂಟಪದ ಅಳತೆಗಳನ್ನು ವಿಧಿಸುವಾಗ ಮನುಷ್ಯರಿಗೆ ಮಧ್ಯಮ ಪ್ರಮಾಣದ್ದೇ ಯೋಗ್ಯವೆಂದು ಹೇಳಿ, 64 ಹಸ್ತ ಉದ್ದ, 32 ಹಸ್ತ ಅಗಲವನ್ನು ನಿಗದಿಮಾಡುತ್ತಾನೆ. ಹಸ್ತವೆಂದರೆ ಸುಮಾರು ಒಂದೂವರೆ ಅಡಿ. ಎಂದರೆ ಸುಮಾರು 96 ಅಡಿ ಉದ್ದ, 48 ಅಡಿ ಅಗಲ. ಇದಕ್ಕಿಂತ ದೊಡ್ಡದಾದರೆ ನಟರ ಮಾತು ಅಸ್ಪಷ್ಟವಾಗುವುದೆಂದೂ ಮುಖದ ಭಾವ ಕಾಣದೆಂದೂ ಆತನು ಕೊಡುವ ಕಾರಣ ಇಂದಿಗೂ ಒಪ್ಪತಕ್ಕದ್ದು. ಕನ್ನಡದ ವೈಯಾಕರಣ ಕೇಶಿರಾಜನಾದರೋ ಹದಿಮೂರನೆಯ ಶತಮಾನದ ತನ್ನ ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ ಕಹಳೆಯ ಹೋಲಿಕೆಯನ್ನು ತರುತ್ತಾನೆ. ತೆಂಗಿನ ಮರಕ್ಕೆ ಕಟ್ಟುವ ಧ್ವನಿವರ್ಧಕದ ಆಕಾರವೂ ಕಹಳೆಯದೇ ಆಗಿರುವುದು ಆಕಸ್ಮಿಕವಲ್ಲ. ಕಿರಿದಾಗಿ ಆರಂಭವಾಗಿ ಹಿರಿದಾಗುತ್ತ ಹೋಗುವ ಕೊಳವೆ ಸದ್ದನ್ನು ಒಂದು ದಿಕ್ಕಿಗೆ ಕೂಡಿಸಿ ದೂರ ಕಳಿಸುತ್ತದೆ.

ಯಕ್ಷಗಾನ ರಂಗವು ಶತಮಾನಗಳ ಕಾಲ ಯಂತ್ರದ ನೆರವಿಲ್ಲದೆಯೇ ನಡೆಯಿತು. ದೀವಟಿಗೆಯ ಬೆಳಕಿನಲ್ಲಿ, ಬಯಲಿನಲ್ಲಿ, ಮೂರು ಕಡೆ ಕುಳಿತ ಜನಕ್ಕೆ ಕೇಳಿಸುವಂತೆ ಭಾಗವತರು ಏರು ಶ್ರುತಿಯಲ್ಲಿ ಹಾಡುತ್ತಿದ್ದರು. ವೇಷಧಾರಿಗಳು ಎದೆಯಿಂದ ಮಾತೆತ್ತುತ್ತಿದ್ದರು. ರಾತ್ರಿಯ ನಿಶ್ಶಬ್ದವೂ ಅವರ ಸಹಾಯಕ್ಕಿತ್ತು. ತಂಪಾದ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೂ ಮೇಲಿನ ಗಾಳಿ ಬೆಚ್ಚಗೂ ಇರುವುದರಿಂದ ಮೇಲಕ್ಕೇರುವ ಸದ್ದು ಮತ್ತೆ ನೆಲದತ್ತ ಬಾಗಿ ಬರುತ್ತದೆ. ಕಣಿವೆಯಾಚೆಯ ಕೇರಿಯ ಚಂಡೆ ಮನೆಯಂಗಳದಲ್ಲೇ ಬಾರಿಸಿದಂತೆ ಕೇಳಿಸುವುದು ಇದೇ ಕಾರಣದಿಂದ.

ಲೋಕದಲ್ಲಿ ಧ್ವನಿವರ್ಧಕದ ಮೂಲಕ ದೊಡ್ಡ ಜನಸಮೂಹಕ್ಕೆ ಸದ್ದನ್ನು ಮುಟ್ಟಿಸಿದುದು 1915ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ; ಜೆನ್ಸನ್ ಮತ್ತು ಪ್ರಿಡಮ್ ಎಂಬಿಬ್ಬರ ಪ್ರಯತ್ನ ಅದು. ಯಕ್ಷಗಾನಕ್ಕೆ ಈ ಸಾಧನ ಬಂದುದು ಡೇರೆ ಮೇಳಗಳ ಕಾಲದಲ್ಲಿ ವ್ಯಾಪಕವಾಯಿತು. ಸಾವಿರಾರು ಜನ ಒಂದೆಡೆ ಕೂಡಲು ಸಾಧ್ಯವಾಯಿತು. ಮಂದ್ರದಲ್ಲಿ ಹಾಡುವ, ಮೆಲುದನಿಯಲ್ಲಿ ಭಾವ ತೋರುವ ಅವಕಾಶ ಭಾಗವತರಿಗೆ ದೊರೆಯಿತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರಂತಹವರ ಹಾಡುಗಾರಿಕೆಯಲ್ಲಿ ಭಾವಕ್ಕಿದ್ದ ಪ್ರಾಧಾನ್ಯವನ್ನು ಕೇಳಿದವರು ಬಲ್ಲರು. ಅಂತಹ ಸೂಕ್ಷ್ಮಗಳು ಕೊನೆಯ ಸಾಲಿಗೂ ತಲುಪುವಂತಾದುದು ಯಂತ್ರದ ಉಪಕಾರ. ಅದೇ ಯಂತ್ರ ಅವಿವೇಕಿಯ ಕೈಗೆ ಸಿಕ್ಕಾಗ ಅವನ್ನೇ ಮೊದಲು ನುಂಗಿಹಾಕುವುದೂ ಉಂಟು.

ಯಂತ್ರದ ಸ್ವರೂಪ

ಧ್ವನಿಯ ಪಯಣದಲ್ಲಿ ನಾಲ್ಕು ಘಟ್ಟಗಳಿವೆ. ಮೊದಲನೆಯದು ಮೈಕು. ಗಾಳಿಯ ಕಂಪನವನ್ನು ಅದು ವಿದ್ಯುತ್ತಿನ ಕಂಪನವನ್ನಾಗಿ ಮಾರ್ಪಡಿಸುತ್ತದೆ. ಎರಡನೆಯದು ಮಿಕ್ಸರು, ಹಲವು ಮೈಕುಗಳಿಂದ ಬಂದುದನ್ನು ಬೇಕಾದ ಪ್ರಮಾಣದಲ್ಲಿ ಕೂಡಿಸುತ್ತದೆ. ಮೂರನೆಯದು ಆಂಪ್ಲಿಫೈಯರು, ಕೂಡಿದುದಕ್ಕೆ ಬಲ ಕೊಡುತ್ತದೆ. ನಾಲ್ಕನೆಯದು ಸ್ಪೀಕರು, ವಿದ್ಯುತ್ತನ್ನು ಮರಳಿ ಗಾಳಿಯ ಕಂಪನವಾಗಿಸುತ್ತದೆ. ಹಲವು ತೋಡುಗಳ ನೀರು ಒಂದು ಕೆರೆಗೆ ಕೂಡಿ, ಅಲ್ಲಿಂದ ಒಂದೇ ಕಾಲುವೆಯಾಗಿ ತೋಟಕ್ಕೆ ಹರಿಯುವಂತೆ ಈ ವ್ಯವಸ್ಥೆ. ಒಂದು ತೋಡಿನಲ್ಲಿ ಕೆಸರು ಬಂದರೆ ಇಡೀ ಕೆರೆ ಕದಡುತ್ತದೆ. ಕೆಸರನ್ನು ತೋಡಿನ ಬಾಯಲ್ಲೇ ತಡೆಯಬೇಕಲ್ಲದೆ ಕೆರೆಗೆ ಬಂದ ಮೇಲೆ ಸೋಸಲಾಗದು. ಮಿಕ್ಸರು ನಡೆಸುವವನು ಮೊದಲು ಕಲಿಯಬೇಕಾದ ಪಾಠವಿದು.

‘ಮಿಶ್ರಣ’ವೆಂದರೆ ಕಲಬೆರಕೆಯಲ್ಲ, ಹದ. ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತವನು ಪಾಕದ ಹದವನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಅರಿಯುವಂತೆ ಮಿಕ್ಸರಿನ ಮುಂದೆ ಕುಳಿತವನು ಕಿವಿಯಿಂದ ಅರಿಯಬೇಕು.

ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಡೈನಮಿಕ್, ಅದರಲ್ಲಿ ತೆಳುವಾದ ಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಕಂಪಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇದು ಗಟ್ಟಿಮುಟ್ಟು, ಬಿದ್ದರೂ ತಾಳಿಕೊಳ್ಳುತ್ತದೆ, ಹತ್ತಿರದ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು ಕಂಡೆನ್ಸರ್, ಇದು ಬಹು ಸೂಕ್ಷ್ಮ, ದೂರದ ಮಾತನ್ನೂ ಹಿಡಿಯಬಲ್ಲುದು, ಆದರೆ ಕೆಲಸ ಮಾಡಲು ಇದಕ್ಕೆ ವಿದ್ಯುತ್ತಿನ ಊಡಿಕೆ ಬೇಕು. ಮಿಕ್ಸರಿನ ಮೇಲೆ ‘48 ವೋಲ್ಟ್’ ಎಂದು ಬರೆದ ಗುಂಡಿ ಇರುವುದು ಇದಕ್ಕಾಗಿಯೇ. ಅದನ್ನು ಒತ್ತದೆ ‘ಮೈಕು ಕೆಟ್ಟಿದೆ’ ಎಂದು ಗಾಬರಿಪಡುವುದು ಹೊಸಬರಲ್ಲಿ ಸಾಮಾನ್ಯ.

ಮೈಕಿಗೆ ದಿಕ್ಕಿನ ಗುಣವೂ ಉಂಟು. ಕೆಲವು ಎಲ್ಲ ದಿಕ್ಕುಗಳ ಸದ್ದನ್ನೂ ಸಮನಾಗಿ ಗ್ರಹಿಸುತ್ತವೆ. ರಂಗಕ್ಕೆ ಹೆಚ್ಚು ಬಳಕೆಯಾಗುವುದು ಹೃದಯಾಕಾರದ ಗ್ರಹಣವುಳ್ಳದ್ದು. ಅದು ಮುಂದಿನದನ್ನು ಚೆನ್ನಾಗಿ, ಪಕ್ಕದ್ದನ್ನು ಕಡಿಮೆಯಾಗಿ, ಹಿಂದಿನದನ್ನು ಅತ್ಯಲ್ಪವಾಗಿ ಕೇಳುತ್ತದೆ. ಬೇಕಾದ ಸದ್ದಿಗೆ ಮುಖ, ಬೇಡವಾದುದಕ್ಕೆ ಬೆನ್ನು ಎಂಬ ಒಂದು ಸೂತ್ರವನ್ನು ನೆನಪಿನಲ್ಲಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಹದಗೊಳಿಸುವ ಕ್ರಮ

ಮಿಕ್ಸರಿನ ಮೇಲಿನ ನೂರಾರು ಗುಂಡಿಗಳನ್ನು ಕಂಡು ಅಂಜಬೇಕಾಗಿಲ್ಲ. ಒಂದು ಸಾಲನ್ನು ಅರಿತರೆ ಎಲ್ಲ ಸಾಲುಗಳನ್ನೂ ಅರಿತಂತೆಯೇ. ಒಂದೊಂದು ಸಾಲು ಒಂದೊಂದು ಮೈಕಿಗೆ ಮೀಸಲು, ಅಷ್ಟೆ. ಸಾಲಿನ ತುದಿಯಲ್ಲಿರುವುದು ಗೇನ್. ಮೈಕಿನಿಂದ ಬರುವುದು ವೋಲ್ಟಿನ ಸಾವಿರದಲ್ಲಿ ಕೆಲವೇ ಅಂಶ. ಅದನ್ನು ಬಳಕೆಯ ಮಟ್ಟಕ್ಕೆ ಎತ್ತುವುದು ಇದರ ಕೆಲಸ. ಅದರ ಕೆಳಗೆ ಟ್ರೆಬಲ್, ಮಿಡ್, ಬಾಸ್ ಎಂಬ ಸ್ವರಸಂಸ್ಕಾರದ ಗುಂಡಿಗಳು. ಅನಂತರ ಆಕ್ಸ್, ರಂಗದ ಮೇಲಿರುವವರಿಗೆ ತಮ್ಮ ದನಿ ಕೇಳಿಸಲು ಇಡುವ ಮಾನಿಟರ್ ಸ್ಪೀಕರಿಗೆ ಎಷ್ಟು ಕಳಿಸಬೇಕೆಂಬುದನ್ನು ಇದು ನಿಯಂತ್ರಿಸುತ್ತದೆ. ಕೊನೆಯಲ್ಲಿ ಮೇಲೆ ಕೆಳಗೆ ಸರಿಯುವ ಫೇಡರು.

ಮೊದಲು ಫೇಡರನ್ನು ಕೆಳಗಿಟ್ಟು, ಕಲಾವಿದನು ಪ್ರಯೋಗದಲ್ಲಿ ಎಷ್ಟು ಜೋರಾಗಿ ನುಡಿಯುವನೋ ಅಷ್ಟೇ ಜೋರಾಗಿ ನುಡಿಯುವಂತೆ ಕೇಳಿಕೊಳ್ಳಬೇಕು. ‘ಹಲೋ, ಒಂದು, ಎರಡು’ ಎಂದು ಮೆಲ್ಲನೆ ಎಣಿಸಿ ಹೋದವನು ರಂಗದಲ್ಲಿ ಭೀಮನಾಗಿ ಗರ್ಜಿಸಿದಾಗ ಆ ಪರೀಕ್ಷೆ ನಿಷ್ಪ್ರಯೋಜಕ. ಆತನು ಗರ್ಜಿಸುವಾಗ ಗೇನನ್ನು ನಿಧಾನವಾಗಿ ಏರಿಸಿ, ಕೆಂಪು ದೀಪ ಮಿನುಗಿದೊಡನೆ ಸ್ವಲ್ಪ ಇಳಿಸಬೇಕು. ಅಲ್ಲಿಂದ ಮುಂದೆ ಗೇನನ್ನು ಮುಟ್ಟದೆ ಫೇಡರಿನಿಂದಲೇ ಏರಿಳಿತಗಳನ್ನು ಮಾಡತಕ್ಕದ್ದು. ಗೇನ್ ಅತಿಯಾದರೆ ದನಿ ಒಡೆಯುತ್ತದೆ, ಒಡೆದುದನ್ನು ಮುಂದಿನ ಯಾವ ಗುಂಡಿಯೂ ಕೂಡಿಸಲಾರದು. ಕಡಿಮೆಯಾದರೆ ಫೇಡರನ್ನು ಎಷ್ಟೇರಿಸಿದರೂ ಮಾತಿನೊಡನೆ ಸುಯ್ ಎಂಬ ಸದ್ದೂ ಏರುತ್ತದೆ.

ಸ್ವರಸಂಸ್ಕಾರದ ಗುಂಡಿಗಳ ವಿಷಯದಲ್ಲಿ ಭಾಷೆಯನ್ನು ಬೋಧಿಸುವವರಿಗೆ ರುಚಿಸುವ ಸಂಗತಿಯೊಂದಿದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಸದ್ದನ್ನು ಕೇಳಬಲ್ಲುದು. ಮಾತಿನಲ್ಲಿ ಸ್ವರಾಕ್ಷರಗಳ ಬಲವಿರುವುದು ಕೆಳಗಿನ ಕಂಪನಗಳಲ್ಲಿ. ಆದರೆ ಕ, ಚ, ತ, ಶ, ಸ ಮುಂತಾದ ವ್ಯಂಜನಗಳನ್ನು ಗುರುತಿಸಲು ಬೇಕಾದ ಅಂಶವು ಬಹುಮಟ್ಟಿಗೆ 2,000ಕ್ಕೂ ಮೇಲಿನ ಕಂಪನಗಳಲ್ಲಿದೆ. ಕಾಲು, ಸಾಲು, ಹಾಲು, ಪಾಲು ಎಂಬ ನಾಲ್ಕು ಮಾತುಗಳನ್ನು ನೋಡಿರಿ. ಮೊದಲ ವ್ಯಂಜನ ಮರೆಯಾದರೆ ನಾಲ್ಕೂ ‘ಆಲು’ ಆಗುತ್ತವೆ. ಬಾಸನ್ನು ಅತಿಯಾಗಿ ಏರಿಸಿ ‘ದನಿ ಗಂಭೀರವಾಯಿತು’ ಎಂದು ಸಂತೋಷಪಡುವವನು ವಾಸ್ತವದಲ್ಲಿ ವ್ಯಂಜನಗಳನ್ನು ಸ್ವರಗಳಲ್ಲಿ ಮುಳುಗಿಸುತ್ತಿದ್ದಾನೆ. ಸದ್ದು ದೊಡ್ಡದಾಗುತ್ತದೆ, ಅರ್ಥ ಸಣ್ಣದಾಗುತ್ತದೆ. ಮಾತಿನ ಮೈಕುಗಳಲ್ಲಿ ಬಾಸನ್ನು ಇಳಿಸುವುದು ಕ್ಷೇಮ. 80 ಅಥವಾ 100 ಕಂಪನಗಳಿಗಿಂತ ಕೆಳಗಿನದನ್ನು ಕತ್ತರಿಸುವ ಗುಂಡಿಯಿದ್ದರೆ ಅದನ್ನು ಒತ್ತಿಡುವುದು ಇನ್ನೂ ಕ್ಷೇಮ. ಹಲಗೆಯ ಮೇಲಿನ ಕುಣಿತದ ದಡದಡವೂ ಗಾಳಿಯ ಬೀಸೂ ಅದರಿಂದ ತಗ್ಗುತ್ತವೆ. ವಯಸ್ಸಾದವರಿಗೆ ಮೊದಲು ಕುಂದುವುದು ಮೇಲಿನ ಕಂಪನಗಳ ಶ್ರವಣಶಕ್ತಿ. ಪುರಾಣಪ್ರಸಂಗಗಳ ರಸಜ್ಞ ಶ್ರೋತೃಗಳಲ್ಲಿ ವೃದ್ಧರೇ ಬಹಳವಿರುವುದರಿಂದ ಈ ಎಚ್ಚರ ಅವರ ಪಾಲಿಗೆ ಸೇವೆಯೇ ಸರಿ.

ಹಿಮ್ಮೇಳ ಮತ್ತು ಮುಮ್ಮೇಳ

ಬಡಗುತಿಟ್ಟಿನ ರಂಗದಲ್ಲಿ ಮಿಕ್ಸರು ನಡೆಸುವವನ ನಿಜವಾದ ಪರೀಕ್ಷೆ ಆರಂಭವಾಗುವುದು ಚಂಡೆಯಿಂದ. ಚಂಡೆ ಸ್ವಭಾವತಃ ಉಚ್ಚಧ್ವನಿಯ ವಾದ್ಯ; ಬಯಲಿನಲ್ಲಿ ಯಂತ್ರವಿಲ್ಲದೆಯೇ ಬಹುದೂರ ಕೇಳಿಸತಕ್ಕದ್ದು. ಅದರ ಮುಂದೊಂದು ಮೈಕಿಟ್ಟು ಫೇಡರನ್ನು ಏರಿಸಿದರೆ ಉಳಿದವರೆಲ್ಲ ಅದರೊಡನೆ ಹೋರಾಡಬೇಕಾಗುತ್ತದೆ. ಸಣ್ಣ ಸಭೆಯಲ್ಲಿ ಚಂಡೆಗೆ ಮೈಕೇ ಬೇಡ. ದೊಡ್ಡ ಬಯಲಿನಲ್ಲಿ ಬೇಕಾದರೂ ಸ್ವಲ್ಪ ದೂರದಲ್ಲಿಟ್ಟು, ಫೇಡರನ್ನು ಅತ್ಯಂತ ಕೆಳಗಿಟ್ಟರೆ ಸಾಕು.

ಹೆಚ್ಚು ಸೂಕ್ಷ್ಮವಾದ ಸಂಗತಿಯೆಂದರೆ ಚಂಡೆಯ ಸದ್ದು ಭಾಗವತರ ಮೈಕಿನೊಳಕ್ಕೂ ನುಗ್ಗುತ್ತದೆ. ಪದ್ಯ ಕೇಳಿಸುವುದಿಲ್ಲವೆಂದು ಭಾಗವತರ ಫೇಡರನ್ನು ಏರಿಸಿದರೆ ಅದರೊಡನೆ ಚಂಡೆಯೂ ಏರುತ್ತದೆ. ಎಷ್ಟು ಏರಿಸಿದರೂ ತಾರತಮ್ಯ ಹಾಗೆಯೇ ಉಳಿಯುತ್ತದೆ. ಇದಕ್ಕೆ ಪರಿಹಾರ ಮಿಕ್ಸರಿನಲ್ಲಿಲ್ಲ, ಮೈಕಿನ ಸ್ಥಾನದಲ್ಲಿದೆ. ಬಯಲಿನಲ್ಲಿ ಸದ್ದಿನ ಮೂಲದಿಂದ ದೂರ ಇಮ್ಮಡಿಯಾದಾಗ ಸದ್ದು 6 ಡೆಸಿಬೆಲ್ ಕುಗ್ಗುತ್ತದೆ. ಆದುದರಿಂದ ಮೈಕು ಭಾಗವತರ ಬಾಯಿಂದ ಒಂದು ಅಡಿ ದೂರವಿದ್ದುದನ್ನು ಅರ್ಧ ಅಡಿಗೆ ತಂದರೆ ಅವರ ದನಿ 6 ಡೆಸಿಬೆಲ್ ಹೆಚ್ಚುತ್ತದೆ. ಆರೇಳು ಅಡಿ ದೂರದ ಚಂಡೆ ಇದ್ದಷ್ಟೇ ಇರುತ್ತದೆ. ಮೈಕಿನ ಬೆನ್ನು ಚಂಡೆಯತ್ತ ಇರುವಂತೆ ತಿರುಗಿಸಿದರೆ ಇನ್ನಷ್ಟು ಲಾಭ. ಅರ್ಧ ಅಡಿಯ ಅಂತರ ಮಾಡುವ ಕೆಲಸವನ್ನು ಹತ್ತು ಗುಂಡಿಗಳು ಮಾಡಲಾರವು. ಭಾಗವತರ ಕೈಯ ತಾಳವು ಮೈಕಿಗೆ ತೀರ ಸಮೀಪ ಬಂದು ಕಿವಿ ಇರಿಯದಂತೆ ಮೈಕನ್ನು ಬಾಯಿಯ ಮಟ್ಟಕ್ಕೆ, ಕೈಗಳಿಂದ ಮೇಲೆ ನಿಲ್ಲಿಸಬೇಕು. ಮದ್ದಳೆಗೆ ನಾದವುಳ್ಳ ಬಲಮುಖದತ್ತ ಒಂದು ಡೈನಮಿಕ್ ಮೈಕು ಸಾಕು.

ಮುಮ್ಮೇಳದ ಕಷ್ಟ ಬೇರೆ ತೆರದ್ದು. ವೇಷಧಾರಿ ಒಂದೆಡೆ ನಿಲ್ಲುವವನಲ್ಲ. ರಂಗದ ಮುಂದೊಂದು ಮೈಕನ್ನು ನೆಟ್ಟರೆ ಪಾತ್ರಗಳೆಲ್ಲ ಅದರ ಸುತ್ತ ಗುಂಪುಗೂಡಿ, ಎದುರಾಳಿಯ ಮುಖ ನೋಡಿ ಆಡಬೇಕಾದ ಮಾತನ್ನು ಮೈಕಿನ ಮುಖ ನೋಡಿ ಆಡುವಂತಾಗುತ್ತದೆ. ರಂಗಸ್ಥಳದ ವಿನ್ಯಾಸವೇ ಕೆಡುತ್ತದೆ. ಕೇದಗೆ ಮುಂದಲೆಗೆ ತಾಗದಷ್ಟು ಎತ್ತರದಲ್ಲಿ ಎರಡು ಅಥವಾ ಮೂರು ಕಂಡೆನ್ಸರ್ ಮೈಕುಗಳನ್ನು ತೂಗುಬಿಡುವುದು ರೂಢಿಯಲ್ಲಿರುವ ಒಳ್ಳೆಯ ಕ್ರಮ. ಒಂದು ಮೈಕಿಗೂ ಮಾತನಾಡುವವನಿಗೂ ಎಷ್ಟು ದೂರವೋ ಅದರ ಮೂರು ಪಟ್ಟಿಗೆ ಕಡಿಮೆಯಾಗದ ಅಂತರ ಎರಡು ಮೈಕುಗಳ ನಡುವೆ ಇರಬೇಕೆಂಬುದು ಅನುಭವಿಗಳ ನಿಯಮ. ಇಲ್ಲವಾದರೆ ಒಂದೇ ದನಿ ಎರಡು ಮೈಕುಗಳಿಗೆ ಅತ್ಯಲ್ಪ ಕಾಲಭೇದದಿಂದ ಹೊಕ್ಕು, ಒಂದನ್ನೊಂದು ತಿಂದು, ಕೊಳವೆಯೊಳಗಿಂದ ನುಡಿದಂತೆ ಕೇಳಿಸುತ್ತದೆ. ಈಚೆಗೆ ವೇಷದಲ್ಲಿ ಅಡಗಿಸುವ ನಿಸ್ತಂತು ಮೈಕುಗಳೂ ಬಂದಿವೆ. ಬೆವರು, ಆಭರಣದ ತಾಕಲಾಟ, ನಡುವಿನಲ್ಲಿ ಮುಗಿಯುವ ಬ್ಯಾಟರಿ ಇವು ಮೂರು ಅವುಗಳ ಶತ್ರುಗಳು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದೆಲ್ಲ ಪದ್ಯ ಮತ್ತು ಅರ್ಥ. ಎಂದಮೇಲೆ ಅಲ್ಲಿ ಮಾತು ಕೇಳದಿದ್ದರೆ ಉಳಿಯುವುದೇನೂ ಇಲ್ಲ. ಅರ್ಥಧಾರಿಗಳಿಗೆ ಒಂದೊಂದು ಮೈಕಿಟ್ಟಾಗ, ಮಾತನಾಡುವವನ ಫೇಡರು ಮಾತ್ರ ಮೇಲಿದ್ದು ಉಳಿದವು ತಗ್ಗಿರಬೇಕು. ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಕೂಗಿಲ್ಲದೆ ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಕುಸಿಯುತ್ತದೆ. ವಾದ ಬಿಸಿಯೇರಿ ಕೃಷ್ಣನ ಮಾತನ್ನು ಭೀಷ್ಮ ತಡೆಯುವ ಕ್ಷಣಕ್ಕೆ ಮೊದಲೇ ಭೀಷ್ಮನ ಫೇಡರಿನ ಮೇಲೆ ಬೆರಳಿರಬೇಕು. ಇದಕ್ಕೆ ಪ್ರಸಂಗದ ಜ್ಞಾನ ಅವಶ್ಯಕ. ಪ್ರಸಂಗ ತಿಳಿಯದ ಮೈಕಿನವನು ಎಂದಿಗೂ ಒಂದು ವಾಕ್ಯ ಹಿಂದೆಯೇ ಇರುತ್ತಾನೆ.

ಕೂಗು ಏಕೆ ಬರುತ್ತದೆ

ಸಭೆಯ ನಡುವೆ ಇದ್ದಕ್ಕಿದ್ದಂತೆ ಕುಯ್ಯೆಂದು ಕಿವಿಗಡಚಿಕ್ಕುವ ಕೂಗನ್ನು ಕೇಳದವರಿಲ್ಲ. ಸ್ಪೀಕರಿನಿಂದ ಹೊರಟ ಸದ್ದು ಮೈಕನ್ನು ಹೊಕ್ಕು, ಮತ್ತೆ ಬಲಗೊಂಡು ಸ್ಪೀಕರಿನಿಂದ ಹೊರಟು, ಮತ್ತೆ ಮೈಕನ್ನು ಹೊಗುವ ಚಕ್ರವೇ ಇದಕ್ಕೆ ಕಾರಣ. ಆಗ ಮಾಡಬೇಕಾದುದು ಆ ಒಂದು ಫೇಡರನ್ನು ಇಳಿಸುವುದು. ಮೈಕನ್ನು ಅಂಗೈಯಿಂದ ಮುಚ್ಚಿದರೆ ಕೂಗು ನಿಲ್ಲುವ ಬದಲು ಹೆಚ್ಚುವುದುಂಟು. ಮೈಕಿನ ಹಿಂಬದಿಯ ರಂಧ್ರಗಳನ್ನು ಮುಚ್ಚಿದಾಗ ಅದರ ದಿಕ್ಕಿನ ಗುಣವೇ ನಷ್ಟವಾಗುತ್ತದೆ. ಕೂಗು ಬಾರದಂತೆ ಮುನ್ನೆಚ್ಚರಿಕೆ ವಹಿಸುವುದು ಮೇಲು. ಮುಖ್ಯ ಸ್ಪೀಕರುಗಳು ಮೈಕುಗಳಿಗಿಂತ ಮುಂದೆ, ಪ್ರೇಕ್ಷಕರ ಕಡೆಗೆ ಇರಬೇಕು. ಮಾನಿಟರು ಮೈಕಿನ ಬೆನ್ನಿಗಿರಬೇಕು. ಬೇಡದ ಮೈಕು ಮುಚ್ಚಿರಬೇಕು.

ಬಯಲು ಉದ್ದವಾಗಿದ್ದು ಹಿಂದಿನ ಜನಕ್ಕಾಗಿ ಎರಡನೆಯ ಜೋಡಿ ಸ್ಪೀಕರುಗಳನ್ನಿಟ್ಟಾಗ ಇನ್ನೊಂದು ತೊಡಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ತಂತಿಯೊಳಗಿನ ವಿದ್ಯುತ್ತಿಗೆ ಕಾಲವೇ ಬೇಡವೆನ್ನುವಷ್ಟು ವೇಗ. 34 ಮೀಟರು ದೂರದಲ್ಲಿ ಕುಳಿತವನಿಗೆ ಹತ್ತಿರದ ಸ್ಪೀಕರಿನ ಮಾತು ಮೊದಲು, ರಂಗದ ಬಳಿಯ ಸ್ಪೀಕರಿನ ಅದೇ ಮಾತು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಕೇಳಿಸಿ ಎರಡೆರಡು ಮಾತಾಗುತ್ತದೆ. ಇಂದಿನ ಡಿಜಿಟಲ್ ಮಿಕ್ಸರುಗಳಲ್ಲಿ ಹಿಂದಿನ ಸ್ಪೀಕರಿಗೆ ಅಷ್ಟೇ ವಿಳಂಬವನ್ನು ಕೊಡುವ ಅನುಕೂಲವಿದೆ. ಅದಿಲ್ಲದವರು ಹಿಂದಿನ ಸ್ಪೀಕರಿನ ಮಟ್ಟವನ್ನು ತಗ್ಗಿಸಿಡುವುದು ವಿಹಿತ.

ಪರಿಣಾಮಧ್ವನಿಗಳು

ಸಿಡಿಲು, ಮಳೆ, ಕುದುರೆಯ ಖುರಪುಟ, ಬಾಗಿಲ ಕಿರುಗುಟ್ಟು ಮುಂತಾದ ಪರಿಣಾಮಧ್ವನಿಗಳಿಗೆ ಕನ್ನಡದಲ್ಲಿ ಎರಡು ದೊಡ್ಡ ಪಾಠಶಾಲೆಗಳಿದ್ದುವು. ಒಂದು ಕಂಪನಿ ನಾಟಕ, ಮತ್ತೊಂದು ಬಾನುಲಿ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದರು, ಧಾರವಾಡದ ನಿಲಯ 1950ರಲ್ಲಿ ಆರಂಭವಾಯಿತು. ಕಣ್ಣಿಗೆ ಏನೂ ಕಾಣದ ಬಾನುಲಿ ನಾಟಕದಲ್ಲಿ ಸ್ಥಳ, ಕಾಲ, ಚಲನೆಗಳೆಲ್ಲವನ್ನೂ ಸದ್ದೇ ಹೇಳಬೇಕು. ತಗಡಿನ ಹಾಳೆಯನ್ನು ಅಲುಗಿಸಿದರೆ ಗುಡುಗು. ಅರ್ಧ ತೆಂಗಿನ ಚಿಪ್ಪುಗಳೆರಡನ್ನು ತಾಳಬದ್ಧವಾಗಿ ಕುಟ್ಟಿದರೆ ಕುದುರೆ. ಮೊರದಲ್ಲಿ ಒಣಗಿದ ಕಾಳನ್ನು ಜಾರಿಸಿದರೆ ಮಳೆ. ತೆಳು ಕಾಗದವನ್ನು ಮೈಕಿನ ಬಳಿ ಮುದುಡಿದರೆ ಉರಿಯುವ ಬೆಂಕಿ. ಈ ಸಾಧನಗಳನ್ನು ಶಾಲೆಯ ಮಕ್ಕಳು ತಾವೇ ಮಾಡಬಹುದು. ಇದರಿಂದ ಭೌತಶಾಸ್ತ್ರದ ಪಾಠವೂ ಆಗುತ್ತದೆ, ನಾಟಕದ ಪಾಠವೂ ಆಗುತ್ತದೆ. ಸಿದ್ದಾಪುರಕ್ಕೆ ಸಮೀಪವೇ ಇರುವ ಹೆಗ್ಗೋಡಿನಲ್ಲಿ ನೀನಾಸಮ್ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು, 1985ರಲ್ಲಿ ತಿರುಗಾಟವನ್ನು ಆರಂಭಿಸಿದ ಮೇಲೆ ಸಣ್ಣ ಊರುಗಳ ಪ್ರೇಕ್ಷಕರಿಗೂ ಇಂತಹ ರಂಗಸೂಕ್ಷ್ಮಗಳ ಪರಿಚಯವಾಯಿತು.

ಈಗ ಸಾವಿರಾರು ಸದ್ದುಗಳು ಅಂಗೈಯಗಲದ ಮೊಬೈಲಿನಲ್ಲಿಯೇ ಸಿಗುತ್ತವೆ. ಸುಲಭವಾಗಿ ಸಿಕ್ಕುದು ಅತಿಯಾಗುವುದು ಸಹಜ. ಧ್ವನಿಯನ್ನು ಸೇರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ಕಥೆಗೆ ಬೇಕೇ? ಇದು ಮಾತನ್ನು ಮುಚ್ಚುವುದೇ? ಇದನ್ನು ಯಾವಾಗ ನಿಲ್ಲಿಸಬೇಕು? ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಮಳೆ ಮೊದಲು ಜೋರಾಗಿ ಕೇಳಿಸಿ, ಪಾತ್ರ ಬಾಯ್ದೆರೆದೊಡನೆ ಹಿಂದೆ ಸರಿದು, ಪ್ರೇಕ್ಷಕನ ಮನಸ್ಸಿನಲ್ಲಿ ಮಾತ್ರ ಸುರಿಯುತ್ತಿರಬೇಕು. ಪರಿಣಾಮಧ್ವನಿಗೆ ಮಿಕ್ಸರಿನಲ್ಲಿ ಪ್ರತ್ಯೇಕ ಸಾಲನ್ನು ಮೀಸಲಿಡಬೇಕು. ಧ್ವನಿಗಳನ್ನು 1, 2, 3 ಎಂದು ಬರುವ ಕ್ರಮದಲ್ಲಿಯೇ ಹೆಸರಿಸಿ, ಯಾವ ಪಾತ್ರದ ಯಾವ ಮಾತಿನ ಕೊನೆಗೆ ಯಾವುದು, ಎಷ್ಟು ಮಟ್ಟದಲ್ಲಿ, ಎಲ್ಲಿಯವರೆಗೆ ಎಂಬುದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಮೊಬೈಲನ್ನು ಬಳಸುವಾಗ ಅದಕ್ಕೆ ಕರೆ ಬಾರದಂತೆ ಮಾಡುವುದನ್ನು ಮರೆತರೆ ಹರಿಶ್ಚಂದ್ರನ ಶ್ಮಶಾನದಲ್ಲಿ ಸಿನಿಮಾ ಹಾಡು ಮೊಳಗೀತು.

ಯಕ್ಷಗಾನಕ್ಕಾದರೋ ಈ ಧ್ವನಿಗಳ ಅವಶ್ಯಕತೆಯೇ ಇಲ್ಲವೆನ್ನಬೇಕು. ರಕ್ಕಸನ ಒಡ್ಡೋಲಗಕ್ಕೆ, ಯುದ್ಧಕ್ಕೆ, ರಥದ ವೇಗಕ್ಕೆ ಚಂಡೆ ಮದ್ದಳೆಗಳೇ ಶತಮಾನಗಳಿಂದ ಧ್ವನಿ ಕೊಟ್ಟಿವೆ. ಅದು ಸಂಕೇತದ ರಂಗ. ಸಂಕೇತದ ಯುದ್ಧಕ್ಕೆ ಯಂತ್ರದ ನಿಜವಾದ ಸಿಡಿಲು ಹೊಂದದು. ಎಕೋ ಎಂಬ ಪ್ರತಿಧ್ವನಿಯ ಗುಂಡಿಯ ಮಾತೂ ಇಷ್ಟೇ. ಪದ್ಯಕ್ಕೆ ಅದರ ಸೋಂಕು ಸ್ವಲ್ಪವಿದ್ದರೆ ಸೊಗಸು. ಅರ್ಥಕ್ಕೆ ಅದೇ ವಿಷ.

ಮಳೆನಾಡಿನ ಎಚ್ಚರಗಳು

ಈ ಮೂರು ತಾಲೂಕುಗಳಲ್ಲಿ ಮಳೆಗಾಲದ ತೇವ ಯಂತ್ರಗಳ ಪಾಲಿಗೆ ಗೆದ್ದಲಿದ್ದಂತೆ. ಸೂಕ್ಷ್ಮವಾದ ಕಂಡೆನ್ಸರ್ ಮೈಕುಗಳನ್ನು ತೇವ ಹೀರುವ ಸಿಲಿಕಾ ಕಣಗಳ ಪೊಟ್ಟಣದೊಡನೆ ಮುಚ್ಚಳವುಳ್ಳ ಡಬ್ಬಿಯಲ್ಲಿಡಬೇಕು. ಮಿಕ್ಸರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ವರ್ಷಕ್ಕೊಮ್ಮೆ ತೆರೆಯುವುದಕ್ಕಿಂತ ಹದಿನೈದು ದಿನಗಳಿಗೊಮ್ಮೆ ಒಂದು ಗಂಟೆ ನಡೆಸುವುದು ಒಳಿತು. ಒಳಗಿನ ತೇವ ಆರುತ್ತದೆ, ಗುಂಡಿಗಳೂ ಜಡವಾಗುವುದಿಲ್ಲ. ತಂತಿಗಳನ್ನು ಮೊಣಕೈಗೆ ಬಿಗಿದು ಸುತ್ತದೆ ದೊಡ್ಡ ಬಳೆಯಾಗಿ ಸಡಿಲವಾಗಿ ಸುತ್ತಬೇಕು. ಮೂರು ಮೊಳೆಯ ತುದಿಯುಳ್ಳ ತಂತಿಯಲ್ಲಿ ಎರಡು ಎಳೆಗಳು ಒಂದೇ ಸಂಕೇತವನ್ನು ವಿರುದ್ಧ ದಿಕ್ಕಿನಲ್ಲಿ ಒಯ್ದು ಹೊರಗಿನ ಗದ್ದಲವನ್ನು ಪರಸ್ಪರ ಕಳೆಯುವುದರಿಂದ, ಉದ್ದನೆಯ ಓಟಕ್ಕೆ ಅದನ್ನೇ ಬಳಸತಕ್ಕದ್ದು.

ವಿದ್ಯುತ್ತಿನ ವಿಷಯದಲ್ಲಿ ಅಲಕ್ಷ್ಯ ಪ್ರಾಣಾಪಾಯಕಾರಿ. 230 ವೋಲ್ಟಿನ ತಂತಿ ಹಸಿ ಗದ್ದೆಯ ಮೇಲೆ ಹಾದುಹೋಗುವಾಗ ಭೂಸ್ಪರ್ಶ ಸರಿಯಾಗಿರಬೇಕು. ಸೋರಿಕೆಯಾದೊಡನೆ ಪ್ರವಾಹವನ್ನು ಕಡಿಯುವ 30 ಮಿಲಿಆಂಪಿಯರಿನ ರಕ್ಷಕ ಸಾಧನವಿರಬೇಕು. ಗುಂಯ್ ಎಂಬ ಸದ್ದು ನಿಲ್ಲಲೆಂದು ಪ್ಲಗ್ಗಿನ ಭೂಸ್ಪರ್ಶದ ಮೊಳೆಯನ್ನು ಮುರಿಯುವುದು ಮೈಕು ಹಿಡಿದ ಮಗುವಿನ ಜೀವದೊಡನೆ ಆಡುವ ಆಟ. ಅದನ್ನು ಎಂದೂ ಮಾಡಕೂಡದು. ಹಚ್ಚುವಾಗ ಮಿಕ್ಸರು ಮೊದಲು, ಆಂಪ್ಲಿಫೈಯರು ಕೊನೆಗೆ. ಆರಿಸುವಾಗ ಆಂಪ್ಲಿಫೈಯರು ಮೊದಲು, ಮಿಕ್ಸರು ಕೊನೆಗೆ. ಈ ಕ್ರಮ ತಪ್ಪಿದರೆ ಢಬ್ಬೆಂಬ ಪೆಟ್ಟಿಗೆ ಸ್ಪೀಕರಿನ ಪೊರೆ ಹರಿಯಬಹುದು.

ಮಿತಿಯ ಅರಿವು

ಶಬ್ದಮಾಲಿನ್ಯ ನಿಯಂತ್ರಣದ ಕೇಂದ್ರ ನಿಯಮಗಳು 2000ದಲ್ಲಿ ಜಾರಿಗೆ ಬಂದುವು. ಅವುಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರ ವರೆಗೆ, ಸಭಾಭವನದಂತಹ ಮುಚ್ಚಿದ ಸ್ಥಳಗಳ ಹೊರತು, ಧ್ವನಿವರ್ಧಕವನ್ನು ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗಾಗಿ ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿ 12ರ ವರೆಗೆ ರಾಜ್ಯ ಸರಕಾರ ವಿನಾಯಿತಿ ಕೊಡಬಹುದು. ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಈ ಮಿತಿಗಳನ್ನು ಒತ್ತಿಹೇಳಿತು. ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನಕ್ಕೆ ಇದು ಸಣ್ಣ ಪ್ರಶ್ನೆಯಲ್ಲ. ಕಾಲಮಿತಿಯ ಪ್ರದರ್ಶನಗಳು ಹೆಚ್ಚಲು ಇದೂ ಒಂದು ಕಾರಣ. ಇಡೀ ರಾತ್ರಿಯ ಆಟದ ಸೊಗಸನ್ನು ಬಲ್ಲವರಿಗೆ ಇದರಿಂದ ವ್ಯಥೆಯಾಗುವುದು ಸಹಜ. ಆದರೆ ಆಟದ ಕಾಲವೂ ಪ್ರೌಢಶಾಲೆಯ ಪರೀಕ್ಷೆಯ ಕಾಲವೂ ಒಂದೇ. ಕೇರಿಯ ಆಚೆ ದೀಪದ ಮುಂದೆ ಕುಳಿತ ವಿದ್ಯಾರ್ಥಿಗೂ ಹಾಸಿಗೆ ಹಿಡಿದ ರೋಗಿಗೂ ರಾತ್ರಿಯ ಮೌನ ಬೇಕೆಂಬುದನ್ನು ಅಲ್ಲಗಳೆಯಲಾಗದು.

ಕಹಳೆಗಳನ್ನು ಊರ ನಾಲ್ಕು ದಿಕ್ಕಿಗೆ ತಿರುಗಿಸಿ ಕಟ್ಟುವ ಬದಲು ಚಿಕ್ಕ ಸ್ಪೀಕರುಗಳನ್ನು ಪ್ರೇಕ್ಷಕರತ್ತಲೇ ಬಾಗಿಸಿಟ್ಟರೆ ಆಟ ನೋಡಲು ಬಂದವರಿಗೆ ಮಾತು ಸ್ಪಷ್ಟ. ಬಾರದವರಿಗೆ ನಿದ್ರೆ ಸುಖ. ಕಿವಿಯ ಆರೋಗ್ಯಕ್ಕೂ ಮಿತಿಯುಂಟು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಳಿಗಿಂತ ಹೆಚ್ಚು ಕೇಳುವುದು ಹಾನಿಕರವೆಂದೂ, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಕಾಲ ಅರ್ಧಕ್ಕಿಳಿಯುವುದೆಂದೂ ತಜ್ಞರು ಗಣಿಸಿದ್ದಾರೆ. ಸ್ಪೀಕರಿನ ಮುಂದೆಯೇ ಚಾಪೆ ಹಾಸಿ ಮಕ್ಕಳನ್ನು ಕೂರಿಸುವ ವಾಡಿಕೆಯನ್ನು ಕೈಬಿಡಲು ಈ ಒಂದು ಲೆಕ್ಕವೇ ಸಾಕು.

ಶಾಲೆಗಳ ಕರ್ತವ್ಯ

ದಾನಿಗಳು ಶಾಲೆಗಳಿಗೆ ಧ್ವನಿವರ್ಧಕಗಳನ್ನು ಕೊಡುವುದುಂಟು, ಅದು ಸ್ತುತ್ಯ. ಕೊಡುವಾಗ ಹದಿನಾರು ಸಾಲುಗಳ ಮಿಕ್ಸರಿಗಿಂತ ಎಂಟು ಸಾಲುಗಳ ಸಾಧಾರಣ ಮಿಕ್ಸರು, ನಾಲ್ಕು ಒಳ್ಳೆಯ ಮೈಕುಗಳು, ಗಟ್ಟಿಯಾದ ತಂತಿಗಳು, ಅವುಗಳ ದುರಸ್ತಿಗೆ ವರ್ಷವರ್ಷವೂ ಒದಗುವ ಒಂದಿಷ್ಟು ಹಣ ಹೆಚ್ಚು ಉಪಯುಕ್ತ. ಅದಕ್ಕಿಂತಲೂ ಮುಖ್ಯವಾದುದು ಅದನ್ನು ನಡೆಸಬಲ್ಲ ಇಬ್ಬರು ಅಧ್ಯಾಪಕರು ಮತ್ತು ನಾಲ್ವರು ವಿದ್ಯಾರ್ಥಿಗಳು. ಅಭ್ಯಾಸದ ಮೊದಲ ದಿನದಿಂದಲೇ ಆ ವಿದ್ಯಾರ್ಥಿಗಳು ಪುಸ್ತಕ ಹಿಡಿದು ಕುಳಿತರೆ, ಯಾವ ಮಾತಿನ ನಂತರ ಯಾವ ಮಾತು ಎಂಬುದು ಪಾತ್ರಧಾರಿಗಳಷ್ಟೇ ಅವರಿಗೂ ಬಾಯಿಪಾಠವಾಗಿರುತ್ತದೆ. ವೇದಿಕೆಯೇರಲು ಅಳುಕುವ, ಆದರೆ ಚುರುಕು ಕಿವಿಯುಳ್ಳ ಮಕ್ಕಳು ಪ್ರತಿಯೊಂದು ತರಗತಿಯಲ್ಲಿಯೂ ಇರುತ್ತಾರೆ. ಅವರಿಗೆ ಇದು ಅತ್ಯಂತ ಯೋಗ್ಯವಾದ ಪಾತ್ರ.

ಅಂತಹ ವಿದ್ಯಾರ್ಥಿಯೊಬ್ಬನು ಕಾರ್ಯಕ್ರಮ ನಡೆಯುತ್ತಿರುವಾಗ ಒಮ್ಮೆಯಾದರೂ ಮೇಜನ್ನು ಜೊತೆಗಾರನಿಗೆ ಒಪ್ಪಿಸಿ, ಸಭೆಯ ಕಟ್ಟಕಡೆಯ ಸಾಲಿಗೆ ನಡೆದುಹೋಗಿ, ಅಲ್ಲಿ ಕುಳಿತ ಅಜ್ಜಿಯ ಪಕ್ಕದಲ್ಲಿ ಎರಡು ನಿಮಿಷ ಕೂರಬೇಕು. ಪದ್ಯ ತಿಳಿಯಿತೇ, ಮಾತು ಬಿಡಿಬಿಡಿಯಾಗಿ ಕೇಳಿಸಿತೇ ಎಂದು ಆಕೆಯನ್ನೇ ಕೇಳಬೇಕು. ಆಕೆಯ ಉತ್ತರವನ್ನು ಕಿವಿಯಲ್ಲಿಟ್ಟುಕೊಂಡು ಮರಳಿ ಬಂದು ಫೇಡರಿಗೆ ಕೈಹಚ್ಚಬೇಕು. ವಾರ್ಷಿಕ ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರುಗಳ ಕೆಳಗೆ ‘ಧ್ವನಿ’ ಎಂದು ಬರೆದು ಆತನ ಹೆಸರನ್ನೂ ಅಚ್ಚುಮಾಡಿಸುವ ಸಂಪ್ರದಾಯವನ್ನು ಶಾಲೆಗಳು ಆರಂಭಿಸಿದರೆ ಅದು ಉಚಿತವಾದ ಗೌರವವೆನಿಸುವುದು.